ನಮ್ಮ ಕಬಡ್ಡಿ ತಂಡವನ್ನು ಸೋಲಿಸುವ ಬಗ್ಗೆ

ಹಳೇ ಸಂತೆ ಮೈದಾನ, ರಾಣೆಬೆನ್ನೂರು
ಫೆಬ್ರವರಿ ೩೦, ೨೪೧೭

ಇಪ್ಪತ್ತೊಂದನೆಯ ಶತಮಾನದ ಘನತೆವೆತ್ತ ಮಹಾಜನರೇ, ಬಾಲ್ಕನಿಯಿಂದ ಇಣುಕುವ ಮಹನೀಯರೇ, ಗೇಟಿನ ಹಿಂದೆ ನಿಂತ ಮಾತೆಯರೇ,

ನಾನೂರು ವರ್ಷಗಳಾಚೆಯಿಂದ ಬರೆಯುತ್ತಿರುವುದರಿಂದ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಉದಾಹರಣೆಗೆ ‘ಬೆವರ್ಮದ್ದು’. ಸ್ಕಿಜೋಫ್ರೇನಿಯಾ ಇರುವವರಿಗೆ ನಮ್ಮ ಕಾಲದ ವೈದ್ಯರು ಮಾತ್ರೆಯ ಜೊತೆಗೆ ಬರೆದುಕೊಡುವ ವ್ಯಾಯಾಮಕ್ಕೆ ಆ ಹೆಸರು. ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ: ‘ಮಾತ್ರೆ ಮರೆಯಬೇಡ, ಮೈದಾನ ತೊರೆಯಬೇಡ.’ ಪ್ರಾಸವಿಲ್ಲದ ಚೀಟಿಗೆ ಅಂಗಡಿಯವರು ಔಷಧಿ ಕೊಡುವುದಿಲ್ಲ.

ನಮ್ಮೂರಿನ ಬೆವರ್ಮದ್ದು ಕಬಡ್ಡಿ. ನಮ್ಮಲ್ಲಿ ಕೆಲವರ ಕಿವಿಯಲ್ಲಿ ಯಾರೋ ಮಾತಾಡುತ್ತಲೇ ಇರುತ್ತಾರೆ. ಅವರಿಗೆ ‘ಕರೆಯದ ನೆಂಟರು’ ಎನ್ನುತ್ತೇವೆ. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುವಾಗ ಈ ನೆಂಟರಿಗೆ ನಡುವೆ ಬಾಯಿ ಹಾಕಲು ಸಂದು ಸಿಗುವುದಿಲ್ಲ. ನನ್ನ ನೆಂಟ ಮಾತ್ರ ಮೊನ್ನೆ ಹೇಗೋ ನುಸುಳಿ, ‘ಎಡಕ್ಕೆ ಹೋಗು’ ಎಂದ. ಹೋದೆ. ಎಡಕ್ಕೆ ಹಿಟ್ಟಿನ ಗಿರಣಿಯ ನಾಗನಗೌಡರು ನಿಂತಿದ್ದರು. ನಾನೂರು ವರ್ಷದಿಂದ ಗಿರಣಿಯೂ ಅದೇ, ಗೌಡರ ಹೆಸರೂ ಅದೇ. ‘ಎಲ್ಲಿಗೆ ಹೊಂಟಿ ತಮ್ಮಾ? ಕುಂದ್ರು’ ಎಂದು ಕಾಲು ಹಿಡಿದು ಕೆಡವಿದರು. ಮುಖವೆಲ್ಲ ಮಣ್ಣು, ಮೈಯೆಲ್ಲ ಹಣ್ಣು. ಇಷ್ಟು ಕಾಲ ಸಲಹೆ ಕೊಡುತ್ತಿದ್ದ ನೆಂಟನಿಗೆ ಆಟವೇ ಬರುವುದಿಲ್ಲವೆಂದು ತಿಳಿದ ಮೇಲೆ ಅವನ ಮೇಲಿನ ಭಯ ಅರ್ಧಕ್ಕಿಳಿಯಿತು. ಗೆದ್ದವರು ಸೋತವರಿಗೆ ಮಂಡಕ್ಕಿ ಮಿರ್ಚಿ ಕೊಡಿಸುವುದು ಪದ್ಧತಿ. ಗೌಡರು ಎರಡು ಮಿರ್ಚಿ ಹೆಚ್ಚಿಗೇ ಹಾಕಿಸಿದರು.

ನಿಮ್ಮ ಕಾಲದಲ್ಲೂ ನಮ್ಮಂಥ ನೆಂಟರಿರುವವರದೊಂದು ತಂಡ ಇತ್ತಂತೆ, ಒಂದು ಪಂದ್ಯವನ್ನೂ ಸೋಲಲಿಲ್ಲವಂತೆ. ಶೌರ್ಯದಿಂದಲ್ಲ. ಅವರು ರೈಡಿಗೆ ಬಂದರೆ ಎದುರಾಳಿಗಳು ಅಂಗಳದ ಅಂಚಿಗೆ ಸರಿದು, ‘ಏ, ಮುಟ್ಟಬ್ಯಾಡ್ರಲೇ! ಪಾಪ, ಏನರ ಆಗೀತು. ಪಾಯಿಂಟ್ ಕೊಟ್ಟು ಕಳಸ್ರಿ’ ಎನ್ನುತ್ತಿದ್ದರಂತೆ. ನಮ್ಮ ಇತಿಹಾಸಕಾರರು ಇದನ್ನು ಓದಿ...

ಸಾಕು. ಇದು ೨೪೧೭ ಅಲ್ಲ, ಈ ಗುರುವಾರ. ಗೌಡರು ನನ್ನನ್ನು ಇನ್ನೂ ಕೆಡವಿಲ್ಲ. ನಾನು ನಿಮ್ಮದೇ ಓಣಿಯ ಮಾಲತೇಶ, ಮಾತ್ರೆ ಮರೆಯದವ. ಕಳೆದ ಭಾನುವಾರ ನಾನು ರೈಡಿಗೆ ಬಂದಾಗ ನೀವೆಲ್ಲ ಹಿಂದೆ ಸರಿದಿರಿ. ನಡುವೆ ಒಬ್ಬನೇ ‘ಕಬಡ್ಡಿ’ ಎನ್ನುತ್ತ ನಿಂತಿದ್ದೆ. ಉಸಿರು ಮುಗಿದ ಮೇಲೂ ಒಬ್ಬರೂ ಔಟ್ ಎನ್ನಲಿಲ್ಲ.

ನಾಗನಗೌಡ್ರೇ, ಬರೋ ಭಾನುವಾರ ಎಡಕ್ಕೇ ಬರತೇನಿ. ಕಾಲು ಹಿಡೀರಿ.