ಮೂರನೇ ಫಿರಂಗಿಯ ಒಂದೇ ಗುಂಡು

ಫೆಬ್ರುವರಿ ೪, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಮೊದಲಿಗೆ ಒಂದು ಐತಿಹಾಸಿಕ ಘೋಷಣೆ: ಕಡಲದಂಡೆಯ ಈ ಫಿರಂಗಿ ಕೋಟೆಯ ಮಾರ್ಗದರ್ಶಿಗೆ, ಅಂದರೆ ನನಗೆ, ಇಲಾಖೆಯವರು ಹೊಸ ಟೋಪಿ ದಯಪಾಲಿಸಿದ್ದಾರೆ. ಕಿವಿಯವರೆಗೂ ಇಳಿಯುತ್ತದೆ. ಮುಖ ಮುಚ್ಚುವಷ್ಟು ಇಳಿದಿದ್ದರೆ ಈ ವಾರ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಕೋಟೆಯ ಚರಿತ್ರೆ ನಿನಗೆ ಗೊತ್ತೇ ಇದೆ. ನಾಲ್ಕು ಫಿರಂಗಿ, ಎಂಟಡಿ ದಪ್ಪದ ಗೋಡೆ, ನೆಲದಡಿ ಮದ್ದಿನ ಮನೆ. ಯುದ್ಧಕ್ಕೆಂದು ಕಟ್ಟಿದರು, ಯುದ್ಧ ಬೇರೆ ದಾರಿ ಹಿಡಿದು ಹೋಯಿತು. ಶತ್ರುವೇ ಬಾರದ ಕೋಟೆಯನ್ನು ನೋಡಲು ಯಾರು ಬರುತ್ತಾರೆ? ಹಾಗಾಗಿ ಒಂಬತ್ತು ವರ್ಷದಿಂದ, ದಿನಕ್ಕೆ ಮೂರು ಸಲ, ಮನೆಯಲ್ಲಿ ಕೇಳಿದ ಕಥೆಯನ್ನೇ ಇಸವಿ, ತಿಂಗಳ ಸಮೇತ ಹೇಳುತ್ತಿದ್ದೆ: ಇಲ್ಲಿ ಸಿಪಾಯಿಯಾಗಿದ್ದ ನಮ್ಮ ತಾತ ಮೂರನೇ ಫಿರಂಗಿಯಿಂದ ಒಂದೇ ಗುಂಡಿಗೆ ಶತ್ರು ಹಡಗು ಮುಳುಗಿಸಿದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಫಿರಂಗಿಯ ಬೆನ್ನು ತಟ್ಟುತ್ತಿದ್ದೆ.

ಶನಿವಾರ ಚಪ್ಪಾಳೆ ಮುಗಿದ ಮೇಲೆ ಒಬ್ಬ ಅಜ್ಜಿ ಉಳಿದರು. ಕೋಲೂರಿಕೊಂಡು ಹತ್ತಿರ ಬಂದು ಮೆಲ್ಲಗೆ, "ಅದು ಹಡಗಲ್ಲ ಕಣಪ್ಪ, ನಮ್ಮಪ್ಪನ ದೋಣಿ. ಮೀನು ಹಿಡಿಯೋಕೆ ಹೋಗಿದ್ರು. ಅವರು ಶತ್ರು ಅಂತ ನಮಗ್ಯಾರೂ ಹೇಳ್ಲೇ ಇಲ್ಲ" ಎಂದರು.

ಜಗಳಕ್ಕೆ ಬಂದವರಲ್ಲ ಅವರು. ದೋಣಿಗೆ ತಗುಲಿದ್ದು ಅಭ್ಯಾಸದ ಗುಂಡು. ಅಂಥ ಗುಂಡು ಹಾರಿಸುವ ದಿನ ಕೋಟೆಯ ಮೇಲೆ ಕೆಂಪು ಬಾವುಟ ಏರಿಸುವುದು ನಿಯಮ. ಅದು ಕಂಡರೆ ದೋಣಿಗಳು ದಡ ಬಿಡುವಂತಿಲ್ಲ. ಬಾವುಟ ಕಂಡೂ ಹೋಗಿ, ಜೊತೆಗಿದ್ದ ಇಬ್ಬರನ್ನೂ ಸಾಯಿಸಿದ ಎಂದು ಅವರಪ್ಪನನ್ನು ಬೀದಿಯವರು ಇಂದಿಗೂ ಆಡಿಕೊಳ್ಳುತ್ತಾರಂತೆ. ಅವರಮ್ಮ ಆ ಇಬ್ಬರ ಮನೆಯವರ ಮುಂದೆ ತಲೆಯೆತ್ತದೆಯೇ ಸತ್ತರಂತೆ.

"ನಿಮ್ಮ ಪುಸ್ತಕದಲ್ಲಿ ಬರ್ದಿರ್ತಾರಲ್ಲ. ಅವತ್ತು ಬಾವುಟ ಹಾರಿತ್ತಾ?"

"ಹಾರಿತ್ತು ಅಜ್ಜಿ" ಎಂದೆ.

ಅವರು ತಲೆಯಾಡಿಸಿದರು. ಒಳ್ಳೇದಾಗಲಿ ಎಂದು ನನ್ನನ್ನು ಹರಸಿ ಬೇರೆ ಹೋದರು.

ಅಕ್ಕ, ಹಾರಿರಲಿಲ್ಲ. ಕೋಟೆಯ ದಿನಚರಿಯಲ್ಲಿ ಸ್ಪಷ್ಟವಾಗಿದೆ: ಸಾಹೇಬರ ತಪಾಸಣೆಗೆಂದು ಬಾವುಟವನ್ನು ಒಗೆದು ಅಡುಗೆಮನೆಯ ಹಿಂದೆ ಒಣಹಾಕಲಾಗಿತ್ತು. ಮತ್ತೆ ಏರಿಸಲು ಮರೆತವನು ಬಾವುಟದ ಸಿಪಾಯಿ. ಆ ಸಿಪಾಯಿ ನಮ್ಮ ತಾತ. ಫಿರಂಗಿಯನ್ನು ಅವರು ಮುಟ್ಟಿಯೂ ಇರಲಿಲ್ಲ.

ಆ ಪುಟದ ನಕಲು ತೆಗೆಸಿದ್ದೇನೆ. ಸಂದರ್ಶಕರ ಪುಸ್ತಕದಲ್ಲಿ ಅಜ್ಜಿಯ ವಿಳಾಸವಿದೆ: ನಿಮ್ಮೂರೇ, ಅಂಚೆ ಕಚೇರಿಯ ಹಿಂದಿನ ಬೀದಿ. ಭಾನುವಾರ ಮೊದಲ ಬಸ್ಸಿಗೆ ಬಂದು, ಅವರ ಬೀದಿಯವರ ಮುಂದೆಯೇ ಓದಿ ಹೇಳುತ್ತೇನೆ.

ತಲೆ ತಗ್ಗಿಸಿರುವ,
ನಿನ್ನ ತಮ್ಮ

ತಾ.ಕ.: ಆ ಪುಟ ಈ ವಾರ ಸಿಕ್ಕಿದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಓದಿದ್ದೆ. ಹಾಗಾಗಿ ನನ್ನ ಧೈರ್ಯದ ಮೇಲೆ ನನಗೇ ನಂಬಿಕೆಯಿಲ್ಲ. ಬಸ್ಸು ನಿಮ್ಮೂರಲ್ಲಿ ಐದೇ ನಿಮಿಷ ನಿಲ್ಲುತ್ತದೆ. ನಾನು ಇಳಿಯದಿದ್ದರೆ, ದಯವಿಟ್ಟು ನೀನೇ ಹತ್ತಿ ಕೈಹಿಡಿದು ಇಳಿಸು.