ದೊಡ್ಡಮ್ಮನಿಗೆ ಇಪ್ಪತ್ತೊಂದು ದಿನದ ಇಟಲಿ

೧೦ ಜನವರಿ ೧೯೫೫, ಸೋಮವಾರ

ಅಕ್ಷರ ದುಂಡಗಿಲ್ಲ. ಒತ್ತಕ್ಷರ ತಪ್ಪುತ್ತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದುವವರು ಯಾರೂ ಇಲ್ಲ, ಆದರೂ ತಪ್ಪಾಯಿತು ಅಂತ ಮೊದಲೇ ಬರೆದಿಟ್ಟರೆ ಮುಂದೆ ಬರೆಯಲು ಸಲೀಸು.

ಮೊದಲ ಶಿಫ್ಟಿನ ಸೈರನ್ ಆಯಿತು. ದೊಡ್ಡಪ್ಪ ಹೋದರು. ದೊಡ್ಡಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡರು. ಇಬ್ಬರೂ ಹಿತಕುತ್ತಾ ಕೂತೆವು. ಸಂಜೆ ಮತ್ತೆ ಇಟಲಿ ಕೆಲಸ ಇದೆ — ಅಷ್ಟರೊಳಗೆ ಅಡುಗೆ ಮುಗಿಯಬೇಕು.

ನಿನ್ನೆ ದೊಡ್ಡಪ್ಪ ಈ ನೋಟ್‌ಬುಕ್ಕು ತಂದುಕೊಟ್ಟರು. ಮುಂದಿನ ಪುಟಗಳಲ್ಲಿ ದೊಡ್ಡಪ್ಪ ದೊಡ್ಡಮ್ಮನ ಇಟಲಿ ಪ್ರಯಾಣದ ಪ್ಲಾನು. ಹಿಂದಿನಿಂದ ನನ್ನದು. ಅದು ಅವರಿಗೆ ಗೊತ್ತಿಲ್ಲ.

೧೬ ಜನವರಿ, ಭಾನುವಾರ, ಸಂಜೆ

ದೊಡ್ಡಪ್ಪನ ವಿಷಯ ಬರೆದಿಡಬೇಕು.

ಕೋದಂಡಪ್ಪ ಅಂದರೆ ಚಿನ್ನದ ಗಣಿಯಲ್ಲಿ ಎಲ್ಲರಿಗೂ ಗೊತ್ತು. ವೈಂಡಿಂಗ್ ಡ್ರೈವರ್. ಭೂಮಿಯ ಮೇಲೆ ಕುರ್ಚಿಯಲ್ಲಿ ಕೂತು, ಲಿವರ್ ಹಿಡಿದು, ಕೇಜಿನಲ್ಲಿ ನಿಂತ ಜನರನ್ನು ಸಾವಿರಾರು ಅಡಿ ಕೆಳಗೆ ಇಳಿಸುವುದು, ಮೇಲೆ ಎತ್ತುವುದು. ಇಪ್ಪತ್ತೊಂಬತ್ತು ವರ್ಷ. ಅವರ ಶಿಫ್ಟಿನಲ್ಲಿ ಕೇಜಿನೊಳಗೆ ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ ಅಂತ ಜನ ಹೇಳುತ್ತಾರೆ. ಕಣ್ಣಿಗೆ ಏನೂ ಕಾಣದು. ಕೆಳಗಿನಿಂದ ಬರುವ ಬೆಲ್ಲು ಕೇಳಿಯೇ ಎಲ್ಲ. ಮೂರು ಬೆಲ್ಲು ಬಂದರೆ ಒಳಗೆ ಮನುಷ್ಯರು ಇದ್ದಾರೆ ಅಂತ. ಆಗ ನಿಧಾನ. ಇಲ್ಲದಿದ್ದರೆ ಬರೀ ಕಲ್ಲು — ಜೋರಾಗಿ ಎತ್ತಬಹುದು.

ಹತ್ತು ವರ್ಷದ ಹಿಂದೆ ಒಳಗೆ ಬಂಡೆ ಸಿಡಿದ ದಿನ ಇವರು ಕುರ್ಚಿ ಬಿಟ್ಟು ಏಳದೆ ಹದಿನಾಲ್ಕು ಸಲ ಕೇಜು ಎತ್ತಿದರಂತೆ. ಕೊನೆಯದರಲ್ಲಿ ಬಂದವರು ಬತ್ತಿಸ್ತಾ ದೊರೆ. ಇಟಲಿಯವರು, ಸುರಂಗಕ್ಕೆ ಮರದ ಆಸರೆ ಕಟ್ಟಿಸುವ ಮೇಸ್ತ್ರಿ. ಈಗ ರಿಟೈರಾಗಿ ಊರಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಅವರೇ ಹಡಗಿನ ಟಿಕೆಟ್ಟು ಕಳಿಸಿದ್ದಾರೆ. ಹೋಗಲು, ಬರಲು, ಇಬ್ಬರಿಗೂ. ನಡುವೆ ಇಪ್ಪತ್ತೊಂದು ದಿನ. ಜೊತೆಗೆ ಒಂದು ಇಂಗ್ಲಿಷ್ ಗೈಡು ಪುಸ್ತಕ.

ದೊಡ್ಡಪ್ಪ ಅದನ್ನು ಓದಿ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆಯುತ್ತೇನೆ, ದೊಡ್ಡಮ್ಮ ಓದಬೇಕಲ್ಲ. ಇವತ್ತಿಗೆ ಹನ್ನೊಂದು ಊರು ಆಯಿತು. ನೇಪಲ್ಸ್, ರೋಮ್, ಅಸ್ಸಿಸಿ, ಫ್ಲಾರೆನ್ಸ್, ಪೀಸಾ... ಒಂದು ದಿನಕ್ಕೆ ಎರಡು ಊರೂ ಇದೆ. ಬತ್ತಿಸ್ತಾ ದೊರೆಯ ಊರಿಗೆ ಒಂದು ರಾತ್ರಿ.

ಫ್ಲಾರೆನ್ಸಿನಲ್ಲಿ ದೊಡ್ಡ ಗುಮ್ಮಟ. ಮುನ್ನೂರು ಅಡಿಗೆ ಮೇಲೆ. ದೊಡ್ಡಪ್ಪ ಲೆಕ್ಕ ಹಾಕುವವರ ಹಾಗೆ ಕಣ್ಣು ಮುಚ್ಚಿದರು. ನಮ್ಮ ಕೇಜಿಗೆ ಹತ್ತು ಸೆಕೆಂಡು ಕೂಡ ಇಲ್ಲ ಅಂದರು. ಹತ್ತಿ ಇಳಿಯಲು ಅರ್ಧ ಗಂಟೆ ಅಂತ ಬರೆಸಿದರು. ಬರೆದೆ.

ಪಕ್ಕದ ಮನೆ ಮಾರಿಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಅಲ್ಲಿ ಅನ್ನಾನೇ ಇಲ್ವಂತೆ ಮುನಿಶಾಮಮ್ಮ. ದಾರದಾರ ಹಿಟ್ಟು ತಿಂತಾರಂತೆ.”

“ಶಾವಿಗೆ ನಾವ್ ತಿನ್ನಲ್ವಾ?” ಅಂದರು ದೊಡ್ಡಮ್ಮ. ಅಷ್ಟೇ. ಮಾರಿಯಮ್ಮ ಸಕ್ಕರೆ ಕೇಳಲು ಬಂದವರು, ಅದನ್ನು ತೆಗೆದುಕೊಂಡು ಹೋದರು.

೨೫ ಜನವರಿ, ಮಂಗಳವಾರ

ಬರೆಯಬಾರದು. ಬರೆಯುತ್ತೇನೆ.

ನೀರು ತಂದು ಒಳಗೆ ಬಂದೆ. ದೊಡ್ಡಮ್ಮ ಬಾಗಿಲು ಮುಂದೆ ಮಾಡಿಕೊಂಡು ಬಲ ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದರು. ಮಂಡಿ ಬೆಲ್ಲದ ಅಚ್ಚಿನ ಹಾಗೆ ಊದಿದೆ. ಎಷ್ಟು ದಿನದಿಂದ ಅಂತ ಕೇಳಿದೆ. ಕಳೆದ ಮಳೆಗಾಲದಿಂದ ಅಂದರು! ದೊಡ್ಡಪ್ಪ ಶಿಫ್ಟಿಗೆ ಹೋದ ಮೇಲೆ ಉಪ್ಪು, ಬರುವ ಮುಂಚೆ ಹರಳೆಣ್ಣೆ ಒರೆಸಿ ಸೀರೆ ಇಳಿಬಿಡುವುದು. ಎರಡು ವರ್ಷದಿಂದ ಈ ಮನೆಯಲ್ಲೇ ಇದ್ದೇನೆ. ನನಗೂ ಗೊತ್ತಾಗಿಲ್ಲ.

ನನ್ನ ಕೈ ಹಿಡಿದು ತಲೆಯ ಮೇಲೆ ಇಟ್ಟುಕೊಂಡರು. “ಅಮ್ಮಾಜಿ, ಈ ಮಂಡಿ ಮಾತು ನಿನ್ ಬಾಯಿಂದ ಬರ್ಬಾರ್ದು. ಗೊತ್ತಾದ್ರೆ ಇವ್ರು ಆ ಟಿಕೀಟು ವಾಪಸ್ ಕಳಿಸ್ಬಿಡ್ತಾರೆ. ನನ್ನ ಬಿಟ್ಟು ಓಗೋರಲ್ಲ.”

ಆಣೆ ಆಯಿತು.

೯ ಫೆಬ್ರವರಿ, ಬುಧವಾರ

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಬಂಗಾರಪೇಟೆಗೆ ಹೋಗಿದ್ದೆವು, ಮೂವರೂ. ಸ್ಟೇಷನ್ನಿನಲ್ಲಿ ಓವರ್‌ಬ್ರಿಜ್ ಹತ್ತಬೇಕು. ದೊಡ್ಡಪ್ಪ ಮುಂದೆ ಹತ್ತಿ ಹೋದರು, ಎಲ್ಲ ಗಂಡಸರ ಹಾಗೆ. ದೊಡ್ಡಮ್ಮ ಒಂಬತ್ತನೇ ಮೆಟ್ಟಿಲಲ್ಲಿ ನಿಂತು ಗೂಡ್ಸ್ ರೈಲಿನ ಡಬ್ಬಿ ಎಣಿಸಿದರು. ಹದಿನೇಳರಲ್ಲಿ ನಿಂತು ಸೆರಗು ಸರಿಮಾಡಿಕೊಂಡರು. ಇಪ್ಪತ್ತೈದರಲ್ಲಿ ನನಗೆ ಹೂ ಸರಿಯಾಗಿ ಮುಡಿಸಿದರು. ಒಟ್ಟು ಮೂವತ್ತಾರು ಮೆಟ್ಟಿಲು.

ಫೋಟೋದಲ್ಲಿ ಮಾತ್ರ ಏನೂ ಆಗದವರ ಹಾಗೆ ಕೂತರು. ಅವರ ಹಾಗೆ ನೋವನ್ನು ಒಳಗೇ ಮಡಚಿಡುವುದು ನನಗೆ ಈ ಜನ್ಮಕ್ಕೆ ಬರುವುದಿಲ್ಲ.

೧೦ ಫೆಬ್ರವರಿ

ಗೈಡು ಪುಸ್ತಕ ತೆಗೆದೆ. ಇಂಗ್ಲಿಷ್ ಬರದು, ಅಂಕಿ ಬರುತ್ತೆ. ಗುಮ್ಮಟದ ಚಿತ್ರದ ಕೆಳಗೆ 463 ಅಂತ ಇದೆ. ಮುಂದಿನ ಶಬ್ದ ಏನು ಅಂತ ದೊಡ್ಡಪ್ಪನನ್ನು ಕೇಳಿದೆ. ಸ್ಟೆಪ್ಸು, ಮೆಟ್ಟಿಲು ಅಂದರು. ಎಣ್ಣೆ ಹಚ್ಚಿಕೊಳ್ಳುತ್ತಾ, ಸುಮ್ಮನೆ. ಪೀಸಾದ ಓರೆ ಗೋಪುರಕ್ಕೆ 294.

ಅವರಿಗೆ ಆ ಅಂಕಿ ಏನೂ ಅನ್ನಿಸಲೇ ಇಲ್ಲ. ತಪ್ಪು ಅವರದಲ್ಲ. ಇಪ್ಪತ್ತೊಂಬತ್ತು ವರ್ಷ ಎತ್ತರ, ಆಳ ಅಂದರೆ ಅವರಿಗೆ ಲಿವರ್. ಇಡೀ ಪ್ಲಾನು ಹಾಗೇ ಇದೆ. ಮೇಲೆ, ಕೆಳಗೆ, ಮುಂದಿನ ಊರು.

463. ಓವರ್‌ಬ್ರಿಜ್ ಹನ್ನೆರಡು ಸಲ ಹತ್ತಿದರೂ ಇನ್ನೂ ಮೂವತ್ತೊಂದು ಉಳಿಯುತ್ತೆ. ಬಾಯಿ ಬಿಟ್ಟರೆ ದೊಡ್ಡಮ್ಮ ಇಟಲಿ ನೋಡುವುದಿಲ್ಲ. ಬಿಡದಿದ್ದರೆ ಯಾವುದೋ ದೇಶದ ಮೆಟ್ಟಿಲ ಮೇಲೆ...

೧೩ ಫೆಬ್ರವರಿ, ಭಾನುವಾರ, ಸಂಜೆ

ಹೇಳಿಬಿಟ್ಟೆ. ಮಂಡಿಯ ಮಾತು ಬರಲಿಲ್ಲ. ಆಣೆ ಮುರಿದಿಲ್ಲ.

ದೊಡ್ಡಪ್ಪ ಹನ್ನೆರಡನೇ ಊರು ಸೇರಿಸುತ್ತಿದ್ದರು. ವೆನಿಸ್, ಅರ್ಧ ದಿನ. ನನ್ನ ಪೆನ್ನು ನಿಂತಿತು. ಏನಮ್ಮ ಅಂದರು. ಅವರ ಮುಖ ನೋಡಿ ಮಾತಾಡಿದವಳೇ ಅಲ್ಲ ನಾನು. ನೋಟ್‌ಬುಕ್ಕು ನೋಡಿಕೊಂಡೇ ಹೇಳಿದೆ.

“ದೊಡ್ಡಪ್ಪ, ಇದು ಕಲ್ಲು ಎತ್ತೋ ಸ್ಪೀಡು. ಒಳ್ಗೆ ಜನ ಅವ್ರೆ.”

ಒಲೆಯ ಹತ್ತಿರ ದೊಡ್ಡಮ್ಮನ ಸೌಟು ನಿಂತಿತು. ದೊಡ್ಡಪ್ಪ ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

೨೦ ಫೆಬ್ರವರಿ, ಭಾನುವಾರ

ಒಂದು ವಾರ ಇಟಲಿ ಹೆಸರು ಯಾರೂ ಎತ್ತಲಿಲ್ಲ. ಟಿಕೆಟ್ಟಿನ ಲಕೋಟೆ ಟ್ರಂಕಿನಲ್ಲೇ ಇದೆಯಾ ಅಂತ ದಿನಾ ನೋಡಿದೆ. ಇತ್ತು.

ಇವತ್ತು ದೊಡ್ಡಪ್ಪ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ತಾವೂ ಬರುತ್ತೇನೆ ಅಂದರು. ಎಂದೂ ಬಂದವರಲ್ಲ. ದೊಡ್ಡಮ್ಮ ಮುಂದೆ ಹೋಗಲಿ ಅಂತ ಬಾಗಿಲಲ್ಲೇ ಕಾದರು. ದಾರಿ ಉದ್ದಕ್ಕೂ ಹತ್ತು ಹೆಜ್ಜೆ ಹಿಂದೆ ನಡೆದರು. ಕೈಚೀಲ ಹಿಡಿದುಕೊಂಡು, ತಲೆ ಸ್ವಲ್ಪ ಓರೆ ಮಾಡಿ — ಬೆಲ್ಲಿಗೆ ಕಿವಿಗೊಟ್ಟವರ ಹಾಗೆ. ದೊಡ್ಡಮ್ಮ ನಿಂತಲ್ಲೆಲ್ಲಾ ಅವರೂ ನಿಂತರು. ಹೆಂಡತಿಯ ಹಿಂದೆ ನಡೆಯುತ್ತೀಯಾ ಅಂತ ದಾರಿಯ ಟೀ ಅಂಗಡಿಯಿಂದ ಯಾರೋ ಕೂಗಿ ನಕ್ಕರು. ಇವರು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕು ತೆಗೆ ಅಂದರು. ದೊಡ್ಡಮ್ಮನನ್ನೂ ಕರೆದು ಕೂರಿಸಿದರು.

“ನಂಗೇ ಉಸ್ರು ಸಾಲಲ್ಲ ಕಣೆ. ಕುರ್ಚೀಲಿ ಕೂತು ಕೂತು ಕಾಲು ಮರೆತೋಗೈತೆ. ಆ ಗುಮ್ಟ ನನ್ ಕೈಲಿ ಅತ್ತಕ್ಕಾಗಲ್ಲ. ನಿಂಗೆ ಬೇಜಾರಾಯ್ತದಾ?”

ದೊಡ್ಡಮ್ಮ ನೆಲ ನೋಡುತ್ತಾ, ಬೇಜಾರೇನಿಲ್ಲ ಅಂದರು.

ದೊಡ್ಡಪ್ಪನ ಉಸಿರಿಗೆ ಏನೂ ಆಗಿಲ್ಲ. ಮೊನ್ನೆ ತಾನೇ ನೀರಿನ ಡ್ರಮ್ಮು ಒಬ್ಬರೇ ಎತ್ತಿಟ್ಟರು.

ಹಾಗಾದರೆ ನಿನಗೇನು ನೋಡಬೇಕು ಹೇಳು ಅಂದರು. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಬರೆದುಕೊಳ್ಳುತ್ತಾ ಕೂತಿದ್ದೆ, ಕೇಳಲಿಲ್ಲ. ದೊಡ್ಡಮ್ಮ ತುಂಬಾ ಹೊತ್ತು ಬಳೆ ತಿರುಗಿಸಿದರು.

“ದೊರೆ ಊರಿಗೆ ಓಗೋವಾಗ ನಾನು ಅವರೆ ಬೀಜ ಕೊಟ್ಟಿದ್ನಲ್ಲ. ಬಳ್ಳಿ ಅಬ್ಬೈತಾ ಅಂತ ನೋಡ್ಬೇಕು. ಆ ಚಳೀಲಿ ಪಾಪ, ಏನ್ ಮಾಡ್ತೋ.”

ದೊಡ್ಡಪ್ಪ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು. ಇಪ್ಪತ್ತೊಂಬತ್ತು ವರ್ಷ ಈ ನಾಲ್ಕು ಗೋಡೆಯಲ್ಲಿ ಕೂರಿಸಿದೆ, ಅದಕ್ಕೇ ಇಡೀ ದೇಶ ಒಟ್ಟಿಗೆ ತೋರಿಸಿಬಿಡೋಣ ಅಂತಿದ್ದೆ ಅಂದರು. ನನಗೆ ಹೇಳಿದರೋ ಗೋಡೆಗೆ ಹೇಳಿದರೋ.

ಒಂದೊಂದೇ ಊರಿನ ಮೇಲೆ ಗೀಟು ಹಾಕಿದೆ. ಪೀಸಾ ಹೋಯಿತು. ವೆನಿಸ್ ಹೋಯಿತು. ಇಷ್ಟು ಸಂತೋಷದಿಂದ ಏನನ್ನೂ ಹೊಡೆದುಹಾಕಿಲ್ಲ.

ಕತ್ತಲಾಗುವ ಮುಂಚೆ ದೊಡ್ಡಮ್ಮ ನನ್ನ ತಲೆ ಬಾಚಿದರು. ಮಾತಿಲ್ಲದೆ. ಆದರೆ ಬಾಚಿದರು.

೨೨ ಮಾರ್ಚ್, ಮಂಗಳವಾರ

ಬತ್ತಿಸ್ತಾ ದೊರೆಯ ಕಾಗದ ಬಂತು. ದೊಡ್ಡಪ್ಪ ಏನೇನು ಕೇಳಿ ಬರೆದಿದ್ದರೋ, ಉತ್ತರ ಹೀಗಿದೆ. ರೋಮಿನಲ್ಲಿ ಸ್ಟೇಷನ್ನಿನ ಹತ್ತಿರವೇ ಕೆಳಗಿನ ಮಹಡಿಯ ರೂಮು ಹೇಳಿದ್ದಾರೆ. ಒಂದು ದಿನಕ್ಕೆ ಒಂದೇ ಜಾಗ ನೋಡಿ, ಮಧ್ಯಾಹ್ನ ಮಲಗಿ, ಅಲ್ಲಿ ಎಲ್ಲರೂ ಮಲಗುತ್ತಾರೆ. ಗುಮ್ಮಟ ಕೆಳಗೆ ನಿಂತು ನೋಡಿದರೇ ಚೆಂದ, ನಾನೂ ಹತ್ತಿಲ್ಲ ಅಂತಲೂ ಬರೆದಿದ್ದಾರೆ. ನಮ್ಮೂರು ಬೆಟ್ಟದ ಮೇಲಿದೆ, ಬಸ್ಸು ಇಳಿಯುವಲ್ಲಿ ಕುದುರೆಗಾಡಿ ತರುತ್ತೇನೆ ಅಂತ ಕೊನೆಗೆ.

ಅವರೆಯ ವಿಷಯ ಒಂದಕ್ಷರ ಇಲ್ಲ. ದೊಡ್ಡಮ್ಮ ಕಾಗದವನ್ನು ಎರಡು ಸಲ ಓದಿಸಿದರು.

೧೦ ಏಪ್ರಿಲ್, ಭಾನುವಾರ

ಪ್ಲಾನು ಶುದ್ಧಪ್ರತಿ ಮಾಡಿದೆ. ನೇಪಲ್ಸ್ ಎರಡು ರಾತ್ರಿ, ಹಡಗಿನ ತೂಗಾಟ ಇಳಿಯಲಿ ಅಂತ. ರೋಮ್ ಐದು. ಫ್ಲಾರೆನ್ಸ್ ನಾಲ್ಕು. ದೊರೆಯ ಊರು ಎಂಟು. ವಾಪಸ್ ಹಡಗು ಹತ್ತುವ ಜೆನೋವಾ ಎರಡು. ಒಟ್ಟು ಇಪ್ಪತ್ತೊಂದು. ಪ್ರತಿ ಪುಟದ ಮೇಲೂ ಮೂರು ಚುಕ್ಕೆ ಇಡು ಅಂದರು ದೊಡ್ಡಪ್ಪ. ಯಾಕೆ ಅಂತ ನಾನು ಕೇಳಲಿಲ್ಲ.

ದೊಡ್ಡಮ್ಮನಿಗೆ ಕ್ಯಾನ್ವಾಸ್ ಶೂ ಬಂದಿದೆ. ಮನೆಯೊಳಗೇ ಹಾಕಿಕೊಂಡು ಓಡಾಡಿದರು. ಬಟ್ಟೆಯ ನಡುವೆ ಹೊಸ ಅವರೆ ಬೀಜದ ಪೊಟ್ಟಣ ಇಟ್ಟಿದ್ದಾರೆ. ದೊರೆಗೆ ಕೊಟ್ಟ ಬೀಜ ಬಂದಿಲ್ಲದಿದ್ದರೆ ಇದು ಅಂತ.

೧೭ ಏಪ್ರಿಲ್, ಭಾನುವಾರ

ಬೇತಮಂಗಲದಿಂದ ಅಮ್ಮ ಬಂದಿದ್ದಾರೆ, ದೊಡ್ಡಪ್ಪ ದೊಡ್ಡಮ್ಮ ವಾಪಸ್ ಬರುವವರೆಗೆ ನನ್ನ ಜೊತೆ ಇರಲು. ಒಳಗೆ ಕಾಫಿ ಕಾಯಿಸುತ್ತಿದ್ದಾರೆ. ಮನೆ ದೊಡ್ಡದಾದ ಹಾಗೆ ಇದೆ.

ಬಂಗಾರಪೇಟೆವರೆಗೂ ನಾನೂ ಹೋಗಿದ್ದೆ. ಅಲ್ಲಿಂದ ಬೆಂಗಳೂರು, ಪೂನಾ, ಬೊಂಬಾಯಿ, ಹಡಗು. ಓವರ್‌ಬ್ರಿಜ್‌ನಲ್ಲಿ ದೊಡ್ಡಪ್ಪ ಒಂಬತ್ತನೇ ಮೆಟ್ಟಿಲಿಗೆ ತಾವೇ ನಿಂತರು. ಸಾಕಾಯ್ತಪ್ಪ ಅಂತ ಏದುಸಿರು ಬಿಟ್ಟರು. ನಾಟಕ ಬರದವರು. ದೊಡ್ಡಮ್ಮ ಅವರ ಬೆನ್ನು ಸವರಿ, ನಿಧಾನ, ನಿಧಾನ ಅಂದರು. ನನ್ನ ಕಡೆ ತಿರುಗಿದಾಗ ಬಾಯಿಗೆ ಸೆರಗು. ಅಳುವೇನೋ ಅಂದುಕೊಂಡೆ. ನಗು.

ರೈಲು ಬಂತು. ಕಿಟಕಿ ಪಕ್ಕ ಕೂತರು. ಹೋಗಿ ಬನ್ನಿ ಅನ್ನಬೇಕು ಅಂತ ದಾರಿಯಲ್ಲೆಲ್ಲಾ ಬಾಯಿಪಾಠ ಮಾಡಿದ್ದೆ. ಗಾರ್ಡು ಬಾವುಟ ಎತ್ತಿದ. ಅದನ್ನು ಬಿಟ್ಟು, ಕಿಟಕಿಯ ಕೆಳಗೆ ಡಬ್ಬಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದೆ — ಒಂದು, ಎರಡು, ಮೂರು. ದೊಡ್ಡಪ್ಪ ತಟ್ಟನೆ ತಲೆ ಓರೆ ಮಾಡಿ ಕಿವಿಗೊಟ್ಟರು, ಆಮೇಲೆ ಒಳಗಿನಿಂದ ತಾವೂ ಮೂರು ಸಲ ತಟ್ಟಿದರು.