ಏರಿಯ ಒಳಗಿನ ಮಣ್ಣು

ಹೌ ನದಿಯ ದಂಡೆ
19 ನವೆಂಬರ್ 2023

ಪ್ರೀತಿಯ ಮಗಳು ಉಯೆನ್‌ಗೆ,

ನಿನ್ನ ಅಪ್ಪನ ಆಶೀರ್ವಾದ. ನೀನು ಸೈಗಾನ್‌ನಿಂದ ಎರಡು ಸಲ ಫೋನ್ ಮಾಡಿದಾಗಲೂ ‘ಕಾಗದ ಬರೆಯುತ್ತೇನೆ’ ಎಂದವನು ನಾನು. ಬರೆಯಲಿಲ್ಲ. ಮೊಣಕಾಲು ನೋವು ಎಂದು ನಿನ್ನ ಅಮ್ಮ ನಿನಗೆ ಹೇಳಿದ್ದು ನೆಪ ಅಷ್ಟೆ, ಕಾಲಿಗೂ ಕಾಗದಕ್ಕೂ ಏನು ಸಂಬಂಧ? ಕ್ಷಮಿಸು. ಅಮ್ಮ ಚೆನ್ನಾಗಿದ್ದಾಳೆ. ನಿನಗೆಂದು ಒಣಮೀನು ಕಟ್ಟಿಟ್ಟಿದ್ದಾಳೆ, ಬಸ್ಸಿನವರ ಕೈಲಿ ಕಳಿಸುತ್ತಾಳಂತೆ.

ನಾನು ಮತ್ತೆ ಪಾಠಕ್ಕೆ ಹೋಗುತ್ತಿರುವ ಸುದ್ದಿ ನಿನಗೆ ತಲುಪಿರಬೇಕು. ನಿವೃತ್ತಿಯಾಗಿ ಎಂಟು ವರ್ಷವಾದ ಮೇಲೆ! ಸಮಾಜಶಾಸ್ತ್ರ ವಿಭಾಗದ ತ್ರಾಮ್ ಎಂಬ ಹುಡುಗಿ, ಹುಡುಗಿ ಎಂದರೆ ಮೂವತ್ತೈದು ವರ್ಷದ ಅಧ್ಯಾಪಕಿ, ಆಗಸ್ಟಿನಲ್ಲಿ ಮನೆಗೆ ಬಂದಳು. ಮಣ್ಣು ಓದುವವರು, ಅರ್ಥಶಾಸ್ತ್ರ ಓದುವವರು, ಸಮಾಜಶಾಸ್ತ್ರ ಓದುವವರು ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿ, ಒಂದೇ ಊರನ್ನು ಒಂದು ವರ್ಷ ಓದಿಸುವ ಕೋರ್ಸು ಶುರುಮಾಡಿದ್ದಾಳೆ. ಭೂಮಿಯನ್ನು ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು ಹೇಗೆ ಎಂಬುದೇ ಪಾಠ.

“ಮೇಷ್ಟ್ರೇ, ನೀವು ಮಣ್ಣು ಹೇಳ್ಕೊಡಿ. ನಾನು ಮನುಷ್ಯರನ್ನ ಹೇಳ್ಕೊಡ್ತೀನಿ. ಎರಡೂ ಎಲ್ಲಿ ಕೂಡುತ್ತೋ ಹುಡುಗರೇ ಕಂಡುಕೊಳ್ಳಲಿ,” ಎಂದಳು.

“ಮನುಷ್ಯರನ್ನ ಕಲಿಸೋದು ಕಷ್ಟ ಕಣಮ್ಮ. ಮಣ್ಣು ಸುಳ್ಳು ಹೇಳಲ್ಲ,” ಎಂದು ನಾನು ನಕ್ಕೆ. ದೊಡ್ಡ ಮಾತನಾಡಿದೆ ಎಂದು ಈಗ ಅನಿಸುತ್ತದೆ.

ಇಪ್ಪತ್ತೆರಡು ಮಂದಿಯನ್ನು ದೋಣಿಯಲ್ಲಿ ಕರೆದುಕೊಂಡು ತಾನ್ ಹಾವ್ ಊರಿಗೆ ಹೋದೆವು. ಊರಿನ ಹೆಸರು ಕೇಳಿದಾಗಲೇ ನನಗೆ ಒಂಥರಾ ಆಗಿತ್ತು. ಆದರೂ ಬಾಯಿ ಬಿಡಲಿಲ್ಲ. ನನ್ನ ಹುಡುಗರು ಗದ್ದೆಯಲ್ಲಿ ಗುಂಡಿ ತೋಡಿದರು. ಮಣ್ಣು ಬೂದು ಬಣ್ಣಕ್ಕೆ ತಿರುಗಿತ್ತು, ಹಿಡಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಇಪ್ಪತ್ತಮೂರು ವರ್ಷದಿಂದ ನದಿ ಅದನ್ನು ಮುಟ್ಟಿಲ್ಲ. ಎತ್ತರದ ಏರಿ ಸುತ್ತ ನಿಂತಿದೆ, ನೆರೆಗಾಲದ ನೀರೂ ಮೆಕ್ಕಲೂ ಹೊರಗೇ ಹರಿದುಹೋಗುತ್ತವೆ, ಒಳಗೆ ವರ್ಷಕ್ಕೆ ಮೂರು ಬೆಳೆ. ಗೊಬ್ಬರ ಮೊದಲಿನ ಎರಡರಷ್ಟು ಸುರಿದರೂ ಇಳುವರಿ ಇಳಿಯುತ್ತಿದೆ.

ಮಧ್ಯಾಹ್ನ ಎಲ್ಲರೂ ಊರಿನ ಸಭಾಮನೆಯಲ್ಲಿ ಕೂತೆವು. ಎಂಬತ್ತರ ಹತ್ತಿರದ ಹೆಂಗಸೊಬ್ಬರು ಬಂದರು, ಹುಟ್ಟಿದ ಕ್ರಮದ ಲೆಕ್ಕದಲ್ಲಿ ಊರಿಗೆಲ್ಲ ಅವರು ಆರನೇ ಅಜ್ಜಿ. ಹುಡುಗರು ಏರಿಯ ವಿಷಯ ಕೇಳಿದರು.

“ಕಟ್ಟೋಕ್ಕೆ ಮುಂಚೆ ವಿಶ್ವವಿದ್ಯಾಲಯದಿಂದ ಒಬ್ಬ ಮೇಷ್ಟ್ರು ಬಂದಿದ್ರು. ಇಲ್ಲೇ ನಿಂತು ಮೂರು ಬೆರಳು ತೋರ್ಸಿದ್ರು. ‘ಮೂರು ಬೆಳೆ ಅಕ್ಕಾ, ಮೂರು ಬೆಳೆ!’ ಅಂದ್ರು. ನಮ್ಮೆಜಮಾನ್ರು ಕೇಳಿದ್ರು, ‘ನೀರು ಬರ್ದೇ ಇದ್ರೆ ಮೀನೆಲ್ಲಿಂದ ಬರುತ್ತೆ?’ ಅಂತ. ‘ಅಂಗಡಿಯಿಂದ ಬರುತ್ತೆ’ ಅಂದ್ರು ಮೇಷ್ಟ್ರು. ಎಲ್ರೂ ನಕ್ಕಿದ್ದೇ ನಕ್ಕಿದ್ದು.”

ಹುಡುಗರೂ ನಕ್ಕರು. ನಾನು ಚಹಾದ ಲೋಟ ನೋಡುತ್ತ ಕೂತಿದ್ದೆ. ಆ ಮಾತು ಆಡಿದವನು ನಾನೇ, ಉಯೆನ್. ಮರೆತೇ ಹೋಗಿತ್ತು. ಕೇಳಿದ ಕೂಡಲೇ ನನ್ನ ಅಂದಿನ ದನಿಯೇ ಕಿವಿಗೆ ಬಿತ್ತು.

ಮುಂದಿನ ವಾರ ತರಗತಿಯಲ್ಲಿ ಫುಂಗ್ ಎಂಬ ಹುಡುಗಿ ಗ್ರಂಥಾಲಯದಿಂದ ಆಗ ನಾನು ಬರೆದಿದ್ದ ಹಳೆಯ ವರದಿಯನ್ನು ಹುಡುಕಿ ತಂದಿದ್ದಳು. ಏರಿ ಕಟ್ಟಬಹುದೆಂದು ಶಿಫಾರಸು ಮಾಡಿದ ಪುಟವನ್ನು ಯಂತ್ರದ ಕೆಳಗಿಟ್ಟು ಪರದೆಯ ಮೇಲೆ ತೋರಿಸಿದಳು. ಬರೆದವರ ಹೆಸರಿನ ಮೇಲೆ ಕರಿ ಕಾಗದದ ಪಟ್ಟಿ ಅಂಟಿಸಿದ್ದಳು. ನನ್ನ ಮರ್ಯಾದೆ ಉಳಿಸಲು! ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರಿಗೂ ಗೊತ್ತಿತ್ತು.

“ಆ ಪಟ್ಟಿ ತೆಗಿಯಮ್ಮ,” ಎಂದೆ.

“ಬೇಡ ಮೇಷ್ಟ್ರೇ, ಪರವಾಗಿಲ್ಲ...”

“ತೆಗಿ. ಲೆಕ್ಕ ತಪ್ಪಿದೋನ ಹೆಸರು ಗೊತ್ತಿರ್ಬೇಕು.”

ಅವಳು ಪಟ್ಟಿ ಕಿತ್ತಳು. ನಾನು ಎದ್ದು ಮಾತನಾಡಿದೆ. ಯುದ್ಧ ಮುಗಿದ ಮೇಲಿನ ಹಸಿವಿನ ವರ್ಷಗಳನ್ನು ಹೇಳಿದೆ, ಅನ್ನಕ್ಕೆ ಗೆಣಸು ಬೆರೆಸಿ ತಿಂದದ್ದನ್ನು ಹೇಳಿದೆ. ಅಕ್ಕಿ ಹೆಚ್ಚಬೇಕು ಎಂಬುದೊಂದೇ ಆಗ ನಮ್ಮ ತಲೆಯಲ್ಲಿದ್ದದ್ದು. ಅರ್ಥಶಾಸ್ತ್ರದ ಹುಡುಗನೊಬ್ಬ ಕೇಳಿದ: “ಮೇಷ್ಟ್ರೇ, ಆಗ ಮೀನು ಹಿಡಿಯೋರನ್ನ ಒಂದು ಮಾತು ಕೇಳಿದ್ರಾ?” ಇಲ್ಲ ಎಂದೆ. ನಮ್ಮ ವಿಭಾಗದಲ್ಲಿ ಅಂಥ ಪ್ರಶ್ನೆ ಇರಲಿಲ್ಲ. ಮೀನು ಇನ್ನೊಂದು ಕಟ್ಟಡದವರ ವಿಷಯವಾಗಿತ್ತು.

ತಾನ್ ಹಾವ್‌ನವರು ಒಂದು ನೆರೆಗಾಲವಾದರೂ ತೂಬು ತೆರೆಯಿರಿ ಎಂದು ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದರಂತೆ. ಪ್ರತಿ ಸಲವೂ ನೀರಾವರಿ ಕಚೇರಿ ನನ್ನ ವರದಿಯನ್ನೇ ತೋರಿಸಿ ಇಲ್ಲವೆಂದಿತ್ತು. ನಾನು ಮೂರು ಪುಟ ಬರೆದೆ: ಈ ಶಿಫಾರಸನ್ನು ಇನ್ನು ಆಧಾರವಾಗಿ ಬಳಸಬಾರದು, ಇದರಲ್ಲಿ ಹತ್ತು ವರ್ಷದಾಚೆಯ ಲೆಕ್ಕವಿಲ್ಲ. ಸಹಿ ಹಾಕಿದೆ. ನನ್ನ ಜೊತೆ ಆ ವರದಿಗೆ ದುಡಿದವನೊಬ್ಬ ಫೋನ್ ಮಾಡಿದ: “ಸಾಯೋ ಕಾಲಕ್ಕೆ ನಿಂಗ್ಯಾಕಯ್ಯಾ ಈ ಉಸಾಬರಿ? ನನ್ನ ಮುಖಕ್ಕೂ ಮಸಿ ಬಳಿದ್ಯಲ್ಲ!” ಆಮೇಲೆ ಅವನು ಮಾತು ಬಿಟ್ಟಿದ್ದಾನೆ. ನಲವತ್ತು ವರ್ಷದ ಸ್ನೇಹ.

ಅಕ್ಟೋಬರಿನಲ್ಲಿ ಅರವತ್ತು ಹೆಕ್ಟೇರಿಗೆ ಮಾತ್ರ, ಒಂದು ಸಲಕ್ಕೆ ಮಾತ್ರ, ತೂಬು ತೆರೆದರು. ನೀರು ಒಳಗೆ ಬಂತು. ಆದರೆ ಅದು ನೀನು ಚಿಕ್ಕವಳಿದ್ದಾಗ ನೋಡಿದ ಕೆಂಪು ನೀರಲ್ಲ. ಮೇಲಿನ ಅಣೆಕಟ್ಟುಗಳಲ್ಲೇ ಮೆಕ್ಕಲು ನಿಂತುಬಿಡುತ್ತದೆ. ಹುಡುಗರು ಅಳೆದರು: ನಾಲ್ಕು ಮಿಲಿಮೀಟರ್ ಮೆಕ್ಕಲು. ಅಷ್ಟಕ್ಕೇ ಊರವರು ಏರಿಯ ಮೇಲೆ ನಿಂತು ನೋಡಿದರು. ನೆರೆಯ ಜೊತೆ ಬರುವ ಲಿನ್ ಮೀನು ಒಂದು ಬುಟ್ಟಿಯೂ ಸಿಗಲಿಲ್ಲ.

ಇದ್ದ ಮೀನಿಗೆ ಆರನೇ ಅಜ್ಜಿ ಹಳದಿ ಹೂ ಹಾಕಿ ಹುಳಿ ಸಾರು ಮಾಡಿದ್ದರು. ನಾನು ಅವರ ಎದುರು ಕೂತು ಹೇಳಿದೆ: “ಅಕ್ಕಾ, ಆ ಮೂರು ಬೆರಳಿನ ಮೇಷ್ಟ್ರು ನಾನೇ.”

“ಗೊತ್ತು. ದೋಣಿ ಇಳಿದಾಗ್ಲೇ ಗುರ್ತು ಸಿಕ್ತು.”

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

“ನಿನ್ನ ಮಕ್ಳ ವಯಸ್ಸಿನೋರ ಮುಂದೆ ಹೆಂಗೆ ಹೇಳ್ಲಿ? ನೀನಾಗೇ ಹೇಳ್ತೀಯಾ ಅಂತ ಕಾದೆ. ಎರಡು ತಿಂಗ್ಳು ತಗೊಂಡೆ ನೋಡು.” ಸಾರು ಬಡಿಸುತ್ತ ಅಂದರು: “ಬೈಯೋಣ ಅಂದ್ರೆ, ನಿನ್ನ ಮೂರನೇ ಬೆಳೇಲೇ ನನ್ನ ಹೆಣ್ಮಕ್ಳ ಮದ್ವೆ ಆಗಿದ್ದು. ಬಿಡೋಣ ಅಂದ್ರೆ, ಈಗ ಆ ಗದ್ದೇಲಿ ಹುಲ್ಲೂ ಬರ್ತಿಲ್ಲ. ಏನ್ ಮಾಡ್ಲಿ ತಮ್ಮಾ ನಿನ್ನ? ಊಟ ಮಾಡು.”

ಊಟ ಮಾಡಿದೆ.

ಇಷ್ಟೇ ಸುದ್ದಿ. ಮುಂದಿನ ವರ್ಷ ತೂಬು ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ತ್ರಾಮ್ ಕಚೇರಿಗೆ ಅಲೆಯುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿರಿಯರ ಪೀಠಕ್ಕೆ ಊದುಬತ್ತಿ ಹಚ್ಚುವಾಗ ದಿನವೂ ನಿನ್ನ ಹೆಸರು ಹೇಳುತ್ತೇನೆ, ಅವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ನ್ಯಾಮ್

ತಾ.ಕ.: ಇಲ್ಲಿಯವರೆಗೆ ಬರೆದದ್ದೆಲ್ಲ ಇದನ್ನು ಬರೆಯಲಾಗದೆ ಬರೆದದ್ದು. 2012ರಲ್ಲಿ ನೀನು ಸಂಶೋಧನೆಗೆಂದು ಒಂದು ಯೋಜನೆ ಬರೆದುಕೊಟ್ಟಿದ್ದೆ: ಏರಿಯೊಳಗಿನ ಮಣ್ಣು ಎಷ್ಟು ವರ್ಷದಲ್ಲಿ ಸಾಯುತ್ತದೆ ಎಂದು. ಅದನ್ನು ತಿರಸ್ಕರಿಸಿದರು. ಅಪ್ಪನಾದ್ದರಿಂದ ನಾನು ಆ ವಿಷಯದಿಂದ ದೂರವಿದ್ದೆ ಎಂದು ನಿನಗೆ ಹೇಳಿದ್ದೆ. ಸುಳ್ಳು. ಸಮಿತಿಯವರು ಇಬ್ಬರೂ ಒಪ್ಪಿದ್ದರು. ನನ್ನ ಅಭಿಪ್ರಾಯ ಕೇಳಿದರು, ‘ಆಧಾರ ಸಾಲದು’ ಎಂದು ಕೊಟ್ಟವನು ನಾನೇ. ನೀನು ಅಡುಗೆಮನೆಯಲ್ಲಿ ಕೂತು ಅತ್ತಾಗ ಬೆನ್ನು ಸವರಿದ ಕೈಯೂ ನನ್ನದೇ. ಆಮೇಲೆ ನೀನು ಬ್ಯಾಂಕಿನ ಕೆಲಸಕ್ಕೆ ಹೋದೆ. ನೀನು ಆಗ ಊಹಿಸಿದ ಅಂಕಿಗೂ ಈ ಹುಡುಗರು ಗುಂಡಿಯ ಮಣ್ಣಿನಲ್ಲಿ ಅಳೆದದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿನ್ನ ಪ್ರತಿ ನನ್ನ ಬಳಿ ಇದೆ. ನಿನ್ನನ್ನು ಕೇಳದೆ ಯಾರಿಗೂ ತೋರಿಸುವುದಿಲ್ಲ.

ನೀನು ನನ್ನ ಅಕ್ಷರ ಗುರುತು ಹಿಡಿದುಬಿಡುತ್ತೀಯೆಂದು ಅವತ್ತು ಆ ಎರಡು ಪದವನ್ನು ಗುಮಾಸ್ತನ ಕೈಲಿ ಟೈಪು ಮಾಡಿಸಿದ್ದೆ. ಇದನ್ನು ನಾನೇ ಕೈಯಾರೆ ಬರೆದಿದ್ದೇನೆ.